ಒಂದು ಶೇಂಗಾ ಅಂದರೆ ಎಷ್ಟು ಉದ್ದ?

ನಮ್ಮ ಒಂಬತ್ತನೇ ತರಗತಿಯಲ್ಲಿ ಈಗ ಉದ್ದ ಅಳೆಯೋಕೆ ಹೊಸದೊಂದು ಅಳತೆ ಚಾಲ್ತಿಗೆ ಬಂದಿದೆ. ಹೆಸರು 'ಶೇಂಗಾ'. ಒಂದು ಶೇಂಗಾ ಅಂದರೆ ಸುಮಾರು ಎರಡು ನ್ಯಾನೊಮೀಟರ್. ಹೆಸರಿಟ್ಟವಳು ನಾನಲ್ಲ, ಮಕ್ಕಳು.

'ಪರಮಾಣುಗಳು ಮತ್ತು ಅಣುಗಳು' ಪಾಠವನ್ನು ಹದಿನಾಲ್ಕು ವರ್ಷದಿಂದ ಮಾಡುತ್ತಿದ್ದೇನೆ. ಪ್ರತಿ ವರ್ಷ ಮೊದಲ ದಿನವೇ ಒಂದು ಸಲ ಎಡವುತ್ತೇನೆ. ಪರಮಾಣುಗಳು ಸೇರಿದರೆ ಅಣು ಆಗುತ್ತೆ ಅಂತ ಹೇಳಿ ಮುಗಿಸೋಷ್ಟರಲ್ಲಿ ಯಾರಾದರೂ ಕೈ ಎತ್ತುತ್ತಾರೆ. "ಹಂಗಾದ್ರ ಕೈಗಾದಾಗ ಅಣು ವಿದ್ಯುತ್ ಸ್ಥಾವರ ಐತಂತಾರಲ್ರೀ ಟೀಚರ್, ಅಲ್ಲಿ ಒಡಿಯೋದು ಅಣುನೋ ಪರಮಾಣುನೋ?" ಪ್ರಶ್ನೆ ಸರಿಯಾಗೇ ಇದೆ. ಅಲ್ಲಿ ಒಡೆಯುವುದು ಯುರೇನಿಯಂ ಪರಮಾಣುವಿನ ನ್ಯೂಕ್ಲಿಯಸ್. ನಮ್ಮ ಪೇಪರುಗಳಲ್ಲಿ ಅಣುಬಾಂಬ್, ಅಣುಸ್ಥಾವರ ಅಂತ ಬರೆದೂ ಬರೆದೂ ಅದೇ ರೂಢಿಯಾಗಿಬಿಟ್ಟಿದೆ. ಕನ್ನಡದಲ್ಲಿ ವಿಜ್ಞಾನ ಹೇಳೋರ ಪಾಡು ಇದು.

ಈ ವರ್ಷ ಬಂದಿದ್ದು ಇನ್ನೊಂದು ಪ್ರಶ್ನೆ. ಬೋರ್ಡಿನ ಮೇಲೆ ದಶಮಾಂಶ ಬಿಂದು ಹಾಕಿ, ಎಂಟು ಸೊನ್ನೆ ಬರೆದು, ಕೊನೆಗೆ ಒಂದು ಅಂತ ಬರೆದೆ. ಇಷ್ಟು ಮೀಟರ್ ಅಂದರೆ ಒಂದು ನ್ಯಾನೊಮೀಟರ್, ಒಂದು ಮಿಲಿಮೀಟರಿನಲ್ಲಿ ಹತ್ತು ಲಕ್ಷ ನ್ಯಾನೊಮೀಟರ್ ಅಂದೆ. ಕಿಟಕಿ ಪಕ್ಕದ ಹುಡುಗಿ ಕೇಳಿದಳು, "ನೀವು ನೋಡೀರೇನ್ರೀ ಟೀಚರ್?" ನಾನು ನೋಡಿಲ್ಲ. ಇಲ್ಲ ಅಂದೆ. "ಮತ್ತ ಹೆಂಗ ಗೊತ್ತಾತು?" ಅಂದಳು. ಆವತ್ತು ಬೆಲ್ ಹೊಡೆದಿದ್ದು ನನ್ನ ಪುಣ್ಯ.

ಮನೆಗೆ ಬಂದು ಯೋಚಿಸಿದೆ. ಬಿ.ಎಸ್ಸಿ ಓದುವಾಗ ಎಣ್ಣೆ ಹನಿಯ ಪ್ರಯೋಗ ಮಾಡಿದ್ದೆವು. ನೀರಿನ ಮೇಲೆ ಒಂದು ಚೂರು ಎಣ್ಣೆ ಬಿಟ್ಟರೆ ಅದು ಹರಡುತ್ತಾ ಹೋಗಿ, ಒಂದೇ ಅಣುವಿನಷ್ಟು ದಪ್ಪದ ಪದರವಾಗಿ ನಿಲ್ಲುತ್ತೆ. ಹನಿಯ ಗಾತ್ರವೂ ಪದರದ ಅಗಲವೂ ಗೊತ್ತಿದ್ದರೆ ದಪ್ಪ ಸಿಕ್ಕ ಹಾಗೇ. ಇದಕ್ಕೆ ಲ್ಯಾಬ್ ಬೇಡ. ದೊಡ್ಡ ತಟ್ಟೆ, ಪೌಡರ್, ತಂತಿ, ಸ್ಕೇಲು, ಒಂದು ಭೂತಗನ್ನಡಿ ಇದ್ದರೆ ಸಾಕು.

ಬಿಸಿಯೂಟದ ಅಡುಗೆ ಮಾಡುವ ಅಕ್ಕನ ಹತ್ತಿರ ಪರಾತ ಕೇಳಿ ತಂದೆ. ನೀರು ತುಂಬಿಸಿ, ತೆಳು ಬಟ್ಟೆಯಿಂದ ಟಾಲ್ಕಂ ಪೌಡರ್ ಉದುರಿಸಿ, ಶೇಂಗಾ ಎಣ್ಣೆಯ ಹನಿ ಮುಟ್ಟಿಸಿದೆವು. ಏನೂ ಆಗಲಿಲ್ಲ. ಪೌಡರ್ ಕದಲಲೇ ಇಲ್ಲ. ನಲವತ್ತೆರಡು ಮಕ್ಕಳು ಬಗ್ಗಿ ನೋಡುತ್ತಿದ್ದಾರೆ, ನಾನು ಬೆವರುತ್ತಿದ್ದೇನೆ. ಇನ್ನೊಂದು ಹನಿ, ಮತ್ತೊಂದು ಹನಿ. ಊಹೂಂ.

ತಪ್ಪು ಪರಾತದ್ದು. ಹಿಂದಿನ ದಿನ ಅದರಲ್ಲಿ ಚಿತ್ರಾನ್ನ ಕಲಸಿದ್ದರು. ತೊಳೆದಿದ್ದರು ನಿಜ, ಕಣ್ಣಿಗೆ ಲಕಲಕ ಹೊಳೆಯುತ್ತಿತ್ತು. ಆದರೆ ನೀರು ಹಾಕಿದ ಕೂಡಲೇ ಅಂಟಿಕೊಂಡಿದ್ದ ಜಿಡ್ಡು ಮೇಲೆ ಬಂದು, ನಮ್ಮ ಹನಿಗಿಂತ ಮೊದಲೇ ಜಾಗ ಹಿಡಿದಿತ್ತು. ಎರಡು ಸಲ ಸೋಪು ಹಾಕಿ ಉಜ್ಜಿದೆವು, ಆಮೇಲೆ ಸೋಪಿನ ಜಿಡ್ಡು ಹೋಗಲಿ ಅಂತ ಐದು ಸಲ ಬರೀ ನೀರು. ಬೋರ್‌ವೆಲ್ ಹತ್ತಿರ ಮಕ್ಕಳಿಗೆ ಒಂದು ಕತೆ ಹೇಳಿದೆ. ಜರ್ಮನಿಯ ಬ್ರೌನ್‌ಶ್ವೈಗ್ ಊರಲ್ಲಿ ಆಗ್ನೆಸ್ ಪೋಕೆಲ್ಸ್ ಅಂತ ಒಬ್ಬ ಹುಡುಗಿ ಇದ್ದಳು. ಆಗ ಅಲ್ಲಿ ಹೆಣ್ಣುಮಕ್ಕಳಿಗೆ ಯೂನಿವರ್ಸಿಟಿ ಬಾಗಿಲು ತೆರೆದಿರಲಿಲ್ಲ. ಮನೆಕೆಲಸ ಮಾಡಿಕೊಂಡು, ಅಡುಗೆಮನೆಯಲ್ಲೇ ತಗಡಿನ ತೊಟ್ಟಿ ಇಟ್ಟುಕೊಂಡು, ಜಿಡ್ಡು ಬಿದ್ದ ನೀರಿನ ಮೇಲ್ಮೈ ಹೇಗೆ ಬದಲಾಗುತ್ತೆ ಅಂತ ವರ್ಷಗಟ್ಟಲೆ ಅಳೆದಳು. 1891ರಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲೀಗೆ ಕಾಗದ ಬರೆದಳು. ಅದಕ್ಕೆ ಹಿಂದಿನ ವರ್ಷವಷ್ಟೇ ಆತ ಆಲಿವ್ ಎಣ್ಣೆ ಪದರದ ದಪ್ಪ ಸುಮಾರು 1.6 ನ್ಯಾನೊಮೀಟರ್ ಅಂತ ಲೆಕ್ಕ ಹಾಕಿದ್ದ. ಕಾಗದ ಓದಿದವನು ಅದನ್ನು 'ನೇಚರ್' ಪತ್ರಿಕೆಗೆ ಕಳಿಸಿ ಅಚ್ಚು ಹಾಕಿಸಿದ. ಪರಾತ ಉಜ್ಜುತ್ತಿದ್ದ ಹುಡುಗಿಯೊಬ್ಬಳು ತಲೆ ಎತ್ತಿ, "ಆಕೀನೂ ಹಿಂಗ ಭಾಂಡೆ ತಿಕ್ಕಿದ್ಳೇನ್ರೀ?" ಅಂದಳು. ಹೌದು, ತಿಕ್ಕಿರಲೇಬೇಕು.

ಎರಡನೇ ಸಲ ಹನಿ ಮುಟ್ಟಿದ್ದೇ ತಡ, ಪೌಡರ್ ಬೆದರಿದ ಕುರಿ ಹಿಂಡಿನ ಹಾಗೆ ನಾಲ್ಕೂ ಕಡೆ ಸರಿಯಿತು. ನಡುವೆ ಗುಂಡಗಿನ ಕಪ್ಪು ಬಯಲು. ಮಕ್ಕಳು ಕೂಗಿದ ಕೂಗಿಗೆ ಪಕ್ಕದ ಕ್ಲಾಸಿನಿಂದ ಗಣಿತದ ಸರ್ ಎದ್ದು ಬಂದರು.

ಹನಿ ಹೇಗೆ ಬಿಡಬೇಕು ಅನ್ನೋದೇ ಇಲ್ಲಿನ ಗುಟ್ಟು. ಡ್ರಾಪರ್ ಬೇಡವೇ ಬೇಡ. ಡ್ರಾಪರಿನ ಒಂದು ಹನಿ ಇಡೀ ಕ್ಲಾಸ್‌ರೂಮಿನ ನೆಲದಷ್ಟು ಹರಡಬಲ್ಲದು, ಪರಾತ ಎಲ್ಲಿ ಸಾಕಾಗುತ್ತೆ? ಸಣ್ಣ ತಾಮ್ರದ ತಂತಿಯ ತುದಿ ಬಗ್ಗಿಸಿ, ಎಣ್ಣೆಯಲ್ಲಿ ಅದ್ದಿ, ತುದಿಯಲ್ಲಿ ನಿಂತ ಹನಿಯನ್ನು ಸ್ಕೇಲಿನ ಪಕ್ಕ ಹಿಡಿದು ಭೂತಗನ್ನಡಿಯಲ್ಲಿ ನೋಡಬೇಕು. ಅರ್ಧ ಮಿಲಿಮೀಟರ್ ಅಗಲ ಇದ್ದರೆ ಸರಿ. ಗುಂಡಗಿದೆ ಅಂತ ಇಟ್ಟುಕೊಂಡರೆ ಅದರ ಗಾತ್ರ 0.065 ಘನ ಮಿಲಿಮೀಟರ್. ಮೊದಲ ಗುಂಪಿನ ಬಯಲು 21 ಸೆಂಟಿಮೀಟರ್ ಅಗಲ ಬಂತು, ಅಂದರೆ ಸುಮಾರು 34,600 ಚದರ ಮಿಲಿಮೀಟರ್. ಭಾಗಿಸಿದರೆ 0.0000019 ಮಿಲಿಮೀಟರ್. 1.9 ನ್ಯಾನೊಮೀಟರ್!

ಎಲ್ಲರಿಗೂ ಹೀಗೆ ಬಂತು ಅಂದುಕೊಳ್ಳಬೇಡಿ. ಒಂದು ಗುಂಪಿಗೆ 1.4, ಇನ್ನೊಂದಕ್ಕೆ 3.2. ಮತ್ತೊಂದು ಗುಂಪಿಗೆ 190, ಅವರದ್ದು ಬಿಂದು ಜಾರಿದ ಕೇಸು. ಹನಿಯ ಅಗಲ 0.5 ಇದ್ದಿದ್ದನ್ನು 0.6 ಅಂತ ಓದಿದರೆ ಗಾತ್ರ ಹತ್ತಿರ ಹತ್ತಿರ ಒಂದೂಮುಕ್ಕಾಲು ಪಟ್ಟಾಗುತ್ತೆ, ಅದಕ್ಕೇ ಇಷ್ಟು ಹೆಚ್ಚುಕಮ್ಮಿ. ನನಗೆ ಬೇಸರವೇನಿಲ್ಲ. ಒಂದು ಪ್ಲಾಸ್ಟಿಕ್ ಸ್ಕೇಲು ಹಿಡಿದು ಅಣುವಿನ ಉದ್ದ ಇಷ್ಟು ಹತ್ತಿರಕ್ಕೆ ಸಿಕ್ಕರೆ ಜಾಸ್ತಿಯೇ ಆಯಿತು.

ಶೇಂಗಾ ಎಣ್ಣೆಯಲ್ಲಿ ಜಾಸ್ತಿ ಇರುವುದು 18 ಇಂಗಾಲದ ಪರಮಾಣುಗಳ ಸರಪಳಿ. ಅದು ನೀರಿನ ಮೇಲೆ ನೆಟ್ಟಗೆ ನಿಂತಿದೆ ಅಂತ ಇಟ್ಟುಕೊಂಡು 1.9ನ್ನು 18ರಿಂದ ಭಾಗಿಸಿ ಅಂದೆ. 0.1ರ ಆಸುಪಾಸು ಬಂತು. ಕಿಟಕಿ ಪಕ್ಕದ ಹುಡುಗಿಯನ್ನು ಕರೆದು, "ನೋಡವ್ವಾ, ಒಂದು ಪರಮಾಣುವಿನ ಪಾಲಿಗೆ ಇಷ್ಟು ಜಾಗ" ಅಂದೆ. ಅವಳು ತನ್ನ ಲೆಕ್ಕವನ್ನೇ ಇನ್ನೊಂದು ಸಲ ಮಾಡಿ ನೋಡಿದಳು. ನನ್ನ ಮಾತಿನ ಮೇಲೆ ನಂಬಿಕೆ ಇಲ್ಲ, ಒಳ್ಳೇದೇ.

ಶೇಂಗಾ ಅನ್ನೋ ಅಳತೆ ಹುಟ್ಟಿದ್ದು ಆವತ್ತು. "ತಲೆಗೂದಲು ಎಷ್ಟು ಶೇಂಗಾ ದಪ್ಪ?" ಸುಮಾರು ನಲವತ್ತು ಸಾವಿರ.

ಆಮೇಲಿನದ್ದು ಸಿಲಬಸ್ಸಿನಲ್ಲಿ ಇಲ್ಲ. "ಪರೀಕ್ಷೆಗೆ ಬರ್ತದೇನ್ರೀ?" ಅಂತ ಕೇಳಿದವನಿಗೆ ಬರಲ್ಲಪ್ಪ, ಸುಮ್ನೆ ಕೂತು ನೋಡು ಅಂದೆ. ಒಂದು ಕೆಂಪು, ಒಂದು ನೀಲಿ ಎಲ್‌ಇಡಿ ತಂದಿದ್ದೆ. ಎರಡು ರೀಚಾರ್ಜ್ ಸೆಲ್ ಜೋಡಿಸಿದರೆ 2.4 ವೋಲ್ಟ್. ಕೆಂಪು ಹತ್ತಿತು, ನೀಲಿ ಹತ್ತಲಿಲ್ಲ. ಮೂರನೇ ಸೆಲ್ ಸೇರಿಸಿದ ಮೇಲೆ ನೀಲಿಯೂ ಹತ್ತಿತು. ಬೆಳಕು ಬರುವುದು ಗಂಟು ಗಂಟಾಗಿ, ನೀಲಿಯ ಗಂಟು ಕೆಂಪಿನದಕ್ಕಿಂತ ಭಾರ, ಅದಕ್ಕೆ ದುಡ್ಡು, ಅಂದರೆ ವೋಲ್ಟ್, ಜಾಸ್ತಿ ಕೊಡಬೇಕು ಅಂದೆ. 1900ರಲ್ಲಿ ಜರ್ಮನಿಯ ವಿಜ್ಞಾನಿ ಪ್ಲಾಂಕ್ ಶುರು ಮಾಡಿದ ಈ ಗಂಟಿನ, ಅಂದರೆ ಕ್ವಾಂಟಂ, ಕತೆಯನ್ನು ಹತ್ತು ನಿಮಿಷದಲ್ಲಿ ಇದಕ್ಕಿಂತ ಚೆನ್ನಾಗಿ ಹೇಳೋಕೆ ನನಗೆ ಬರಲ್ಲ.

ಎಲ್‌ಇಡಿಯಲ್ಲಿ ಬಣ್ಣ ಬದಲಾಗಬೇಕು ಅಂದರೆ ಒಳಗಿನ ವಸ್ತುವನ್ನೇ ಬದಲಾಯಿಸುತ್ತಾರೆ. ವಸ್ತು ಅದೇ ಇದ್ದು, ಬರೀ ಸೈಜು ಬದಲಾಯಿಸಿದರೂ ಬಣ್ಣ ಬದಲಾಗುವ ಕಣಗಳಿವೆ. ಅವೇ ಕ್ವಾಂಟಂ ಡಾಟ್‌ಗಳು. ಎಕಿಮೋವ್ ಇದನ್ನು ಬಣ್ಣದ ಗಾಜಿನಲ್ಲಿ ಕಂಡ, ಬ್ರೂಸ್ ದ್ರಾವಣದಲ್ಲಿ ತೇಲುವ ಕಣಗಳಲ್ಲಿ ಕಂಡ, ಬವೆಂಡಿ ಒಂದೇ ಅಳತೆಯ ಕಣಗಳನ್ನು ಮಾಡುವ ದಾರಿಯನ್ನು 1993ರಲ್ಲಿ ತೋರಿಸಿದ. ಮೂವರಿಗೂ 2023ರ ರಸಾಯನಶಾಸ್ತ್ರದ ನೊಬೆಲ್. ಈ ಡಾಟ್‌ಗಳಲ್ಲಿರುವ ಕ್ಯಾಡ್ಮಿಯಂ ವಿಷ, ಶಾಲೆಗೆ ತರುವ ಮಾತೇ ಇಲ್ಲ. ಮೊಬೈಲಿನಲ್ಲಿ ಫೋಟೊ ತೋರಿಸಿದೆ. ಸಾಲಾಗಿ ಸಣ್ಣ ಸೀಸೆಗಳು, ಎಲ್ಲದರಲ್ಲೂ ಕ್ಯಾಡ್ಮಿಯಂ ಸೆಲೆನೈಡೇ, ನೀಲಿಯಿಂದ ಕೆಂಪಿನವರೆಗೆ.

ಯಾಕೆ ಹೀಗೆ? ಇದಕ್ಕೆ ಒಬ್ಬ ಹುಡುಗನ ಅಜ್ಜನ ಏಕತಾರಿ ತರಿಸಿದ್ದೆ. ಇಡೀ ತಂತಿ ಮೀಟಿದರೆ ಒಂದು ಸ್ವರ. ನಡುವೆ ಬೆರಳೊತ್ತಿ ಮೀಟಿದರೆ ಸ್ವರ ಮೇಲಕ್ಕೆ ಏರುತ್ತೆ. ಎಲೆಕ್ಟ್ರಾನ್ ಕೂಡ ಅಲೆಯ ಹಾಗೆ ನಡೆದುಕೊಳ್ಳುತ್ತೆ. ಅದನ್ನು ಚಿಕ್ಕ ಜಾಗದಲ್ಲಿ ಕೂಡಿಹಾಕಿದಷ್ಟೂ ಅದರ ಶಕ್ತಿ ಏರುತ್ತೆ, ಹೊರಬರುವ ಬೆಳಕು ನೀಲಿಯ ಕಡೆಗೆ ಸರಿಯುತ್ತೆ. ಹೋಲಿಕೆ ಇಷ್ಟಕ್ಕೇ ನಿಲ್ಲಿಸಬೇಕು, ಎಲೆಕ್ಟ್ರಾನ್ ತಂತಿಯಲ್ಲ. ಅದನ್ನೂ ಹೇಳಿದೆ. ಅಜ್ಜನ ಮೊಮ್ಮಗ ಅಷ್ಟರಲ್ಲಿ ಒಂದು ತತ್ವಪದ ಶುರು ಮಾಡಿದ್ದ.

ನೀಲಿ ಡಾಟ್ ಎಷ್ಟು ದೊಡ್ಡದು ಅಂತ ಕೇಳಿದರು. ಸುಮಾರು 2 ನ್ಯಾನೊಮೀಟರ್, ಕೆಂಪು 6 ಅಂದೆ. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನಿಂದ ಒಂದು ದನಿ, "ನೀಲಿ ಒಂದು ಶೇಂಗಾ, ಕೆಂಪು ಮೂರು ಶೇಂಗಾ!" ಬೋರ್ಡಿನ ಮೇಲೆ ಆ ಸೊನ್ನೆಗಳನ್ನು ಬರೆದಾಗ ಈ ಮುಖಗಳು ಹೀಗೆ ಅರಳಿರಲಿಲ್ಲ.

ಈಗ ಹೊಸ ತಲೆನೋವು. ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಕ್ಲಾಪಮ್ ಕೆರೆಗೆ ಒಂದು ಟೀ ಚಮಚದಷ್ಟು ಎಣ್ಣೆ ಹಾಕಿ ಸುಮಾರು ಅರ್ಧ ಎಕರೆ, ಅಂದರೆ ಇಪ್ಪತ್ತು ಗುಂಟೆ ನೀರು ಕನ್ನಡಿಯ ಹಾಗೆ ನಿಂತಿದ್ದನ್ನು 1774ರಲ್ಲಿ ಬರೆದಿದ್ದಾನೆ ಅಂತ ಬಾಯಿ ಬಿಟ್ಟೆ. ನಮ್ಮೂರ ಕೆರೆಗೂ ಹಾಕೋಣ ಅಂತ ಹಟ ಹಿಡಿದರು. ಹಾಕೋದು ಬೇಡ, ಲೆಕ್ಕ ಮಾಡಿ ಅಂದೆ. ಕೆರೆ ಹತ್ತು ಎಕರೆ. ಒಂದು ಶೇಂಗಾ ದಪ್ಪ ಹರಡೋಕೆ 80 ಮಿಲಿಲೀಟರ್ ಸಾಕು, ಒಂದು ಸಣ್ಣ ಚಹಾ ಲೋಟ. ಇಬ್ಬರು ಲೋಟ ಹಿಡಿದುಕೊಂಡು ಅಡುಗೆಮನೆಗೆ ಓಡಿಯೇಬಿಟ್ಟರು. ಹಿಂದೆಯೇ ಅಡುಗೆಯ ಅಕ್ಕ ಬಂದು ಬಾಗಿಲಲ್ಲಿ ನಿಂತರು. "ಅಕ್ಕೋರೆ, ಅವತ್ತು ಒಂದು ಹನಿ ಅಂದಿದ್ರಿ, ಈಗ ಲೋಟ ಕೇಳಾಕತ್ತೀರಿ. ಇವತ್ತಿನ ಒಗ್ಗರಣಿಗೇ ಎಣ್ಣಿ ಸಾಲಂಗಿಲ್ಲ."