ಇನ್ನೂ ಕಳಿಸ್ತಾನೇ ಇದ್ದೀರಾ?

ಮಕ್ಕಳ ಚಿತ್ರಪುಸ್ತಕಕ್ಕೆಂದು ಕಥೆ ಬರೆದು ಪ್ರಕಾಶಕರಿಗೆ ಕಳಿಸತೊಡಗಿ ನಾಲ್ಕು ವರ್ಷವಾಯಿತು. ಮದುವೆಮನೆಯಲ್ಲಿ ಸಿಕ್ಕವರೂ ಕೇಳುತ್ತಾರೆ: ‘ಇನ್ನೂ ಕಳಿಸ್ತಾನೇ ಇದ್ದೀರಾ? ಬೇಜಾರಾಗಲ್ವಾ?’

ಆಗುತ್ತದೆ. ಆರು ತಿಂಗಳು ಕಾದ ಮೇಲೆ ‘ನಮ್ಮ ಪ್ರಕಟಣೆಗಳ ಪಟ್ಟಿಗೆ ಹೊಂದುವುದಿಲ್ಲ’ ಎಂಬ ಒಂದೇ ಸಾಲು ಬಂದ ದಿನ ಊಟ ಸೇರುವುದಿಲ್ಲ. ಉತ್ತರವೇ ಬಾರದಿದ್ದರೆ ಇನ್ನೂ ಕಷ್ಟ.

ಆದರೂ ಕಳಿಸುತ್ತಿದ್ದೇನೆ. ಅದಕ್ಕೆ ಕಾರಣ ನನ್ನ ಮೇಜಿನ ಮೇಲಿರುವ ಒಂದು ಕೈಹೊಲಿಗೆಯ ಪುಸ್ತಕ. ದೊಡ್ಡ ಹಾಳೆಯಲ್ಲಿ ಅಚ್ಚುಹಾಕಿ ಮಡಚುವಾಗ ಪುಟಗಳು ಎಂಟರ, ಹದಿನಾರರ ಲೆಕ್ಕದಲ್ಲಿ ಬರುತ್ತವೆ. ಹಾಗಾಗಿ ಎಷ್ಟೋ ಚಿತ್ರಪುಸ್ತಕಗಳು 32 ಪುಟದವು. ನಾನೂ ಎಂಟು ಎ4 ಹಾಳೆ ಮಡಚಿ, ನಡುಮಡಿಕೆಗೆ ದಾರ ಹಾಕಿ ಹೊಲಿದು, ಅಜ್ಜಿಯ ಕೊಡೆ ಗಾಳಿಗೆ ಹಾರಿಹೋದ ನನ್ನ ಕಥೆಯನ್ನು ಪುಟಪುಟಕ್ಕೆ ಅಂಟಿಸಿದೆ. ಪಕ್ಕದ ಮನೆಯ ಐದು ವರ್ಷದ ಹುಡುಗಿಯನ್ನು ಕೂರಿಸಿಕೊಂಡು ಓದಿದೆ. 14ನೇ ಪುಟದಲ್ಲಿ ನಾನಿನ್ನೂ ಮಳೆಯನ್ನು ವರ್ಣಿಸುತ್ತಿದ್ದೆ, ಅವಳ ಬೆರಳು ಆಗಲೇ ಹಾಳೆಯ ಮೂಲೆಯಲ್ಲಿತ್ತು. ‘ಕೊಡೆ ಎಲ್ಲಿಗೆ ಹೋಯ್ತು ಆಂಟಿ?’ ಎನ್ನುತ್ತಾ ತಿರುಗಿಸಿಯೇಬಿಟ್ಟಳು. ಮಳೆಯನ್ನು ತೋರಿಸುವುದು ಚಿತ್ರ ಬರೆಯುವ ಕಲಾವಿದರ ಪಾಲಿನ ಕೆಲಸ. ಅವರನ್ನು ಸಾಮಾನ್ಯವಾಗಿ ಪ್ರಕಾಶಕರೇ ಗೊತ್ತುಮಾಡುತ್ತಾರೆ. ಅವತ್ತು ರಾತ್ರಿ ಆ ಪುಟದ ನಾಲ್ಕು ಸಾಲಿನಲ್ಲಿ ಮೂರನ್ನು ಹೊಡೆದುಹಾಕಿದೆ.

ಇಂಗ್ಲೆಂಡಿನ ಮಕ್ಕಳ ಲೇಖಕಿ ಬೀಟ್ರಿಕ್ಸ್ ಪಾಟರ್ ಅವರ ಪೀಟರ್ ಮೊಲದ ಕಥೆಯನ್ನೂ ಹಲವು ಪ್ರಕಾಶಕರು ಬೇಡವೆಂದಿದ್ದರು. 1901ರ ಡಿಸೆಂಬರಿನಲ್ಲಿ ಆಕೆ ಸ್ವಂತ ಖರ್ಚಿನಲ್ಲಿ 250 ಪ್ರತಿ ಅಚ್ಚು ಹಾಕಿಸಿದರು; ಮರುವರ್ಷ ಫ್ರೆಡರಿಕ್ ವಾರ್ನ್ ಸಂಸ್ಥೆ ಪ್ರಕಟಿಸಿತು. ನನಗೆ ಆ ಗೆಲುವಿಗಿಂತ ಹಿಡಿಸುವುದು, ಪುಸ್ತಕ ಪುಟ್ಟ ಕೈಗಳಿಗೆ ಒಗ್ಗುವಷ್ಟು ಚಿಕ್ಕದಿರಬೇಕೆಂಬ ಆಕೆಯ ಹಟ.

ಕನ್ನಡದಲ್ಲಿ ಬಾಗಿಲುಗಳು ಕಡಿಮೆ, ಆದರೆ ಇವೆ. 2004ರಲ್ಲಿ ಶುರುವಾದ ಬೆಂಗಳೂರಿನ ಪ್ರಥಮ್ ಬುಕ್ಸ್, ಕನ್ನಡದಲ್ಲೂ ಪುಸ್ತಕ ತರುವ ಚೆನ್ನೈನ ತೂಲಿಕಾ, ನ್ಯಾಷನಲ್ ಬುಕ್ ಟ್ರಸ್ಟ್. ಕಳಿಸುವ ಮೊದಲು ಅವರು ತಂದ ಹತ್ತು ಪುಸ್ತಕವನ್ನಾದರೂ ಓದಬೇಕು. ನಾನು ಮೊದಲೆರಡು ವರ್ಷ ಓದದೇ ಕಳಿಸಿದ್ದೆ. ‘ಹೊಂದುವುದಿಲ್ಲ’ ಎಂದದ್ದರಲ್ಲಿ ನಿಜವಿತ್ತು.

ಸಾಲು ಹೊಡೆದುಹಾಕಿದ ಆ ಪ್ರತಿಗೆ ಕಳೆದ ತಿಂಗಳು ಸಂಪಾದಕರೊಬ್ಬರು ಮೊದಲ ಬಾರಿಗೆ ಕಾರಣ ಕೊಟ್ಟು ಬರೆದರು: ಕೊನೆ ಅವಸರದಲ್ಲಿ ಮುಗಿದಿದೆ, ತಿದ್ದಿದರೆ ಇನ್ನೊಮ್ಮೆ ನೋಡುತ್ತೇವೆ. ಹೊಲಿಗೆ ಬಿಚ್ಚಿದ್ದೇನೆ. ಕೊನೆಯ ನಾಲ್ಕು ಪುಟ ಹೊಸದಾಗಿ ಬರೆದಾಯಿತು. ಭಾನುವಾರ ಹುಡುಗಿ ಬರುತ್ತಾಳೆ, ಓದಿ ನೋಡಿ ಸೋಮವಾರ ಕಳಿಸುತ್ತೇನೆ.