ಎಕ್ಸ್‌ರಿಫ್ರೆಶ್ ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಮಾಡುವುದಿಲ್ಲ

ಲಿನಕ್ಸ್‌ನಲ್ಲಿ ಮುಚ್ಚಿದ ಮೆನುವಿನ ತುಣುಕು ಸ್ಕ್ರೀನ್ ಮೇಲೆ ಹಾಗೇ ಉಳಿದಿದ್ದರೆ, ರೀಬೂಟ್ ಮಾಡುವ ಮೊದಲು ಟರ್ಮಿನಲ್‌ನಲ್ಲಿ ಎಕ್ಸ್‌ರಿಫ್ರೆಶ್ (xrefresh) ಎಂದು ಹೊಡೆದು ನೋಡಿ. ಎಲ್ಲ ಸಣ್ಣಕ್ಷರ, ನಡುವೆ ಜಾಗ ಬೇಡ. ಡೆಬಿಯನ್, ಉಬುಂಟುಗಳಲ್ಲಿ ಇದು ಎಕ್ಸ್11-ಎಕ್ಸ್‌ಸರ್ವರ್-ಯುಟಿಲ್ಸ್ ಪ್ಯಾಕೇಜಿನಲ್ಲಿದೆ.

ಈ ಕಮಾಂಡ್ ತಾನಾಗಿ ಏನನ್ನೂ ಸರಿಪಡಿಸುವುದಿಲ್ಲ. ಇಡೀ ಸ್ಕ್ರೀನ್ ಅಳತೆಯ ಒಂದು ವಿಂಡೋ ತೆರೆದು, ಮರುಕ್ಷಣವೇ ಮುಚ್ಚುತ್ತದೆ, ಅಷ್ಟೆ. ಅಡಿಯಲ್ಲಿದ್ದ ಜಾಗ ಮತ್ತೆ ಕಾಣಿಸಿಕೊಂಡಿದ್ದರಿಂದ, ವಿಂಡೋಗಳನ್ನು ಸ್ಕ್ರೀನ್ ಮೇಲೆ ತೋರಿಸುವ ಎಕ್ಸ್ ಸರ್ವರ್ ಎಲ್ಲ ಅಪ್ಲಿಕೇಶನ್‌ಗಳಿಗೂ ಎಕ್ಸ್‌ಪೋಸ್ ಈವೆಂಟ್, ಅಂದರೆ ಮತ್ತೆ ಬರೆಯಿರಿ ಎಂಬ ಸೂಚನೆ, ಕಳಿಸುತ್ತದೆ. ಅವು ತಂತಮ್ಮ ಭಾಗವನ್ನು ಹೊಸದಾಗಿ ಬರೆಯುತ್ತವೆ. ಆ ವಿಂಡೋಗೆ ಸೇವ್-ಅಂಡರ್ (ಅಡಿಯ ಚಿತ್ರವನ್ನು ಉಳಿಸಿಡುವ ಸೌಲಭ್ಯ) ಅನ್ನು ಬೇಕೆಂದೇ ಆಫ್ ಮಾಡಿದ್ದಾರೆ. ಇಲ್ಲದಿದ್ದರೆ ಸರ್ವರ್ ಹಳೇ ಚಿತ್ರವನ್ನೇ, ಕೊಳೆ ಸಮೇತ, ವಾಪಸ್ ಇಟ್ಟುಬಿಡಬಹುದು. ಹ್ಯಾಂಗ್ ಆದ ಅಪ್ಲಿಕೇಶನ್ ಮಾತ್ರ ಯಾವ ಈವೆಂಟಿಗೂ ಓಗೊಡುವುದಿಲ್ಲ, ಅದನ್ನು ಕಿಲ್ ಮಾಡಲೇಬೇಕು.

ಸುಮ್ಮನೆ ಓಡಿಸಿದರೆ ಹಿನ್ನೆಲೆಯಿಲ್ಲದ ವಿಂಡೋ ಬಳಕೆಯಾಗುತ್ತದೆ, ಮಿನುಗು ಕಡಿಮೆ. -ಬ್ಲ್ಯಾಕ್, -ವೈಟ್, ಅಥವಾ -ಸಾಲಿಡ್ ಜೊತೆಗೆ ಬಣ್ಣದ ಹೆಸರು ಕೊಡಬಹುದು. ದಿನಬಳಕೆಗೆ ಇವು ಬೇಕಾಗುವುದಿಲ್ಲ.

ಒಂದು ಮೂಲೆಯಷ್ಟೇ ಕೆಟ್ಟಿದ್ದರೆ -ಜಿಯಾಮೆಟ್ರಿ 800x600+100+50 ಎಂಬಂತೆ ಅಗಲ, ಎತ್ತರ, ಎಡದಿಂದ ದೂರ, ಮೇಲಿಂದ ದೂರ ಕೊಡಿ. ಅಂಕಿಗಳಿಗಾಗಿ, ವಿಂಡೋದ ಅಳತೆ ಹೇಳುವ ಎಕ್ಸ್‌ವಿನ್‌ಇನ್ಫೋ ಕಮಾಂಡ್ ಓಡಿಸಿ ಆ ವಿಂಡೋ ಮೇಲೆ ಕ್ಲಿಕ್ ಮಾಡುವುದು ವಾಡಿಕೆ. ಇಲ್ಲೇ ಎಡವುವುದು. ಅದರ ಕೊನೇ ಸಾಲಿನ ಜಿಯಾಮೆಟ್ರಿ ಎಕ್ಸ್‌ಟರ್ಮ್‌ನಂಥ ಟರ್ಮಿನಲ್‌ಗೆ 80x24 ಎನ್ನುತ್ತದೆ. ಅದು ಅಕ್ಷರಗಳ ಲೆಕ್ಕ. ಹಾಗೇ ಕಾಪಿ ಮಾಡಿದರೆ 80 ಪಿಕ್ಸೆಲ್ ಅಗಲ, 24 ಪಿಕ್ಸೆಲ್ ಎತ್ತರದ ಚೂರಷ್ಟೇ ರಿಫ್ರೆಶ್ ಆಗುತ್ತದೆ. ಮೇಲಿನ ಸಾಲುಗಳ ವಿಡ್ತ್, ಹೈಟ್ ಮತ್ತು ಆಬ್ಸಲ್ಯೂಟ್ ಅಂಕಿಗಳನ್ನೇ ತೆಗೆದುಕೊಳ್ಳಿ.

ಬೇರೆ ಕಂಪ್ಯೂಟರಿನಿಂದ ಎಸ್‌ಎಸ್‌ಎಚ್ ಮೂಲಕ ಓಡಿಸುವಾಗ ಡಿಸ್‌ಪ್ಲೇ ತೆರೆಯಲಾಗಲಿಲ್ಲ ಎಂಬ ಎರರ್ ಬಂದರೆ ಡಿಸ್‌ಪ್ಲೇ (DISPLAY) ವೇರಿಯಬಲ್‌ಗೆ :0 ಕೊಡಿ. ಕೆಲವು ಕಡೆ ಅದು :1 ಇರುತ್ತದೆ. ಲಾಗಿನ್ ಆದ ಯೂಸರ್ ಆಗಿಯೇ ಓಡಿಸಿ, ಪ್ರವೇಶದ ಅನುಮತಿ ಇರುವ ಎಕ್ಸ್‌ಅಥಾರಿಟಿ ಫೈಲ್ ಸಿಗದಿದ್ದರೆ ಸರ್ವರ್ ಒಳಗೇ ಬಿಡುವುದಿಲ್ಲ.

ಈಗಿನ ಡೆಸ್ಕ್‌ಟಾಪ್‌ಗಳಲ್ಲಿ ಹೆಚ್ಚಿನ ತಕರಾರು ಎಲ್ಲ ವಿಂಡೋಗಳ ಚಿತ್ರ ಜೋಡಿಸಿ ಸ್ಕ್ರೀನ್‌ಗೆ ಕೊಡುವ ಕಂಪೋಸಿಟರ್‌ನದು. ಅದು ಓಡುತ್ತಿದ್ದಾಗ ಪ್ರತಿ ವಿಂಡೋದ ಚಿತ್ರವೂ ಮೆಮೊರಿಯಲ್ಲಿ ಬೇರೆಯಾಗಿಯೇ ಇರುತ್ತದೆ. ಮೇಲೆ ಇನ್ನೊಂದು ವಿಂಡೋ ಬಂದು ಹೋದರೂ ಎಕ್ಸ್‌ಪೋಸ್ ಹುಟ್ಟುವುದಿಲ್ಲ, ಕಂಪೋಸಿಟರ್ ಅದೇ ಹಳೇ ಚಿತ್ರವನ್ನು ಮತ್ತೆ ಜೋಡಿಸುತ್ತದೆ. ಕೆಟ್ಟ ವಿಂಡೋವನ್ನು ಅಂಚು ಹಿಡಿದೆಳೆದು ಅಳತೆ ಸ್ವಲ್ಪ ಬದಲಿಸಿ, ಆಗ ಅಪ್ಲಿಕೇಶನ್ ಅದನ್ನು ಹೊಸದಾಗಿ ಬರೆಯಲೇಬೇಕಾಗುತ್ತದೆ. ಸ್ಕ್ರೀನ್ ಪೂರ್ತಿ ಕೆಟ್ಟಿದ್ದರೆ, ಎಕ್ಸ್ ಮೇಲೆ ಓಡುವ ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ಆಲ್ಟ್+ಎಫ್2 ಒತ್ತಿ, ಆರ್ ಅಕ್ಷರ ಹೊಡೆದು ಎಂಟರ್ ಒತ್ತಿದರೆ ಶೆಲ್ ರೀಸ್ಟಾರ್ಟ್ ಆಗುತ್ತದೆ, ತೆರೆದ ಕೆಲಸ ಹೋಗುವುದಿಲ್ಲ. ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್‌ನಲ್ಲಿ ಕಂಪೋಸಿಟರ್ ಅನ್ನು ಆಫ್ ಮಾಡಿ ಆನ್ ಮಾಡಿ. ಎಕ್ಸ್‌ಗೆ ಬದಲಾಗಿ ಬಂದ ವೇಲ್ಯಾಂಡ್‌ನ ಸ್ವಂತ ವಿಂಡೋಗಳಿಗೆ ಎಕ್ಸ್‌ರಿಫ್ರೆಶ್ ತಲುಪುವುದೇ ಇಲ್ಲ.

ಏನು ಮಾಡಿದರೂ ಹೋಗದ ಕಲೆಗೆ ಒಂದು ಸ್ಕ್ರೀನ್‌ಶಾಟ್ ತೆಗೆದು ಬೇರೆ ಕಂಪ್ಯೂಟರಿನಲ್ಲಿ ತೆರೆಯಿರಿ. ಅದರಲ್ಲಿ ಕಲೆ ಇಲ್ಲದಿದ್ದರೆ ಅಪ್ಲಿಕೇಶನ್ ಬಿಟ್ಟು ಡ್ರೈವರ್, ಕೇಬಲ್, ಮಾನಿಟರ್ ಕಡೆ ನೋಡಿ.