ಸೋಮವಾರ ಯಾವ ಕ್ರಿಯೆಗೆ ಸೇರಿದ್ದು?

ವಾರ್ಷಿಕ ಸಂಚಿಕೆಗೆ ನೆನಪುಗಳನ್ನು ಬರೆದುಕೊಡುವಂತೆ ಸಂಪಾದಕ ಮಂಡಳಿಯವರು ಕೇಳಿದಾಗ, ಈ ಕಾಲೇಜಿನಲ್ಲಿ ಕಲಿತದ್ದರ ಪೈಕಿ ಇಂದಿಗೂ ನನ್ನ ದಿನನಿತ್ಯದ ಕೆಲಸಕ್ಕೆ ಒದಗಿಬರುತ್ತಿರುವ ಒಂದು ಸಂಗತಿಯ ಬಗ್ಗೆಯೇ ಬರೆಯಬೇಕೆನಿಸಿತು. ಅದು ಇಂಗ್ಲಿಷಿನ ಇನ್ಫಿನಿಟಿವ್, ಎಂದರೆ 'ಟು ಗೋ', 'ಟು ರೈಟ್', 'ಟು ಪೇ' ಎಂಬಂಥ ಕ್ರಿಯಾರೂಪ. ಆ ರೂಪದೊಂದಿಗೆ ಕ್ರಿಯಾವಿಶೇಷಣಗಳೂ 'ಆನ್ ಮಂಡೇ', 'ಇನ್ ರೈಟಿಂಗ್' ಮುಂತಾದ ಪ್ರಿಪೊಸಿಷನ್ ಪದಗುಚ್ಛಗಳೂ ಕೂಡಿಕೊಳ್ಳುವ ಬಗೆ. ನಮ್ಮ ಪಠ್ಯದಲ್ಲಿ ಇದಕ್ಕೆ ಸಿಕ್ಕ ಜಾಗ ಬಹಳ ಕಡಿಮೆ. ಆದರೆ ಎರಡನೆಯ ವರ್ಷದ ಬಿ.ಎ. ತರಗತಿಯಲ್ಲಿ ನಮಗೆ ವ್ಯಾಕರಣ ಹೇಳಿಕೊಟ್ಟ ಮೇಷ್ಟ್ರು ಪಠ್ಯವನ್ನು ಬದಿಗಿಟ್ಟು ಇದನ್ನೇ ಬಿಡಿಸಿ ಬಿಡಿಸಿ ಕಲಿಸಿದರು.

ಅವರು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದ ವಾಕ್ಯ 'ಹಿ ಡಿಸೈಡೆಡ್ ಟು ಲೀವ್ ಆನ್ ಮಂಡೇ' ಎಂಬುದು. ಸೋಮವಾರ ನಡೆದದ್ದು ಏನು, ನಿರ್ಧಾರವೋ ಪ್ರಯಾಣವೋ ಎಂದು ಕೇಳಿ, ಇಡೀ ತರಗತಿ ಎರಡು ಪಂಗಡವಾಗಿ ವಾದಿಸುವವರೆಗೂ ಸುಮ್ಮನಿರುತ್ತಿದ್ದರು. ಆಮೇಲೆ ವಿವರಿಸುವರು: ವಾಕ್ಯದಲ್ಲಿ ಎರಡು ಕ್ರಿಯೆಗಳಿವೆ, ಕೊನೆಯಲ್ಲಿರುವ ಪದಗುಚ್ಛ ವ್ಯಾಕರಣದ ಪ್ರಕಾರ ಎರಡಕ್ಕೂ ಸೇರಬಲ್ಲದು; ಓದುವವರು ಸಾಮಾನ್ಯವಾಗಿ ಹತ್ತಿರದ ಕ್ರಿಯೆಗೇ ಸೇರಿಸಿಕೊಳ್ಳುವುದರಿಂದ ಸೋಮವಾರ ಹೊರಟ ಎಂಬ ಅರ್ಥವೇ ಮೊದಲು ಹೊಳೆಯುತ್ತದೆ; ನಿರ್ಧಾರ ಸೋಮವಾರದ್ದು ಎನ್ನಬೇಕಾದರೆ 'ಆನ್ ಮಂಡೇ ಹಿ ಡಿಸೈಡೆಡ್ ಟು ಲೀವ್' ಎಂದು ಆ ಪದಗುಚ್ಛವನ್ನು ಮುಂದಕ್ಕೆ ತಂದುಬಿಡಬೇಕು. ಯಾವ ಕ್ರಿಯೆಗೆ ಸೇರಿದ್ದು ಎಂಬ ಪ್ರಶ್ನೆಯೊಂದನ್ನು ಬಿಟ್ಟು ಬೇರೆ ಸೂತ್ರವನ್ನೇನೂ ಅವರು ನಮಗೆ ಬಾಯಿಪಾಠ ಮಾಡಿಸಲಿಲ್ಲ.

ಕನ್ನಡದಲ್ಲಿ ಈ ತೊಡಕು ಇಷ್ಟು ಕಾಡುವುದಿಲ್ಲ. 'ಸೋಮವಾರ ಹೊರಡಲು ನಿರ್ಧರಿಸಿದ' ಎಂದರೆ ಹೊರಡುವುದು ಸೋಮವಾರ. 'ಹೊರಡಲು ಸೋಮವಾರ ನಿರ್ಧರಿಸಿದ' ಎಂದರೆ ನಿರ್ಧರಿಸಿದ್ದು ಸೋಮವಾರ. ನಮ್ಮಲ್ಲಿ ವಿಶೇಷಣ ತನ್ನ ಕ್ರಿಯೆಗಿಂತ ಮೊದಲು ಬಂದು, ಮುಂದೆ ಎದುರಾಗುವ ಕ್ರಿಯೆಯನ್ನು ಹಿಡಿದುಕೊಳ್ಳುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಮ್ಮಲ್ಲಿ ಹಲವರು, ಬೇಗ ಹೊರಡಲು ನಿರ್ಧರಿಸಿದ ಎಂಬರ್ಥದಲ್ಲಿ 'ಹಿ ಡಿಸೈಡೆಡ್ ಕ್ವಿಕ್ಲಿ ಟು ಲೀವ್' ಎಂದು ಬರೆಯುತ್ತಿದ್ದುದಕ್ಕೆ ಕಾರಣ ಇದೇ. ಹೊರಡುವ ಕ್ರಿಯೆಗೆ ಮೊದಲು 'ಬೇಗ' ಬರಬೇಕೆಂಬ ನಮ್ಮ ನುಡಿಯ ಅಭ್ಯಾಸ ಅಲ್ಲಿ ಕೆಲಸ ಮಾಡುತ್ತಿತ್ತು. ಇಂಗ್ಲಿಷ್ ಓದುಗನಾದರೋ 'ಡಿಸೈಡೆಡ್' ಪಕ್ಕದಲ್ಲಿ 'ಕ್ವಿಕ್ಲಿ' ಕಂಡು, ತಡಮಾಡದೆ ನಿರ್ಧಾರಕ್ಕೆ ಬಂದ ಎಂದೇ ತಿಳಿಯುತ್ತಾನೆ. ಹೊರಡುವಿಕೆಗೆ ಅದು ಸೇರಬೇಕಾದರೆ 'ಟು ಲೀವ್ ಕ್ವಿಕ್ಲಿ' ಎಂದಾಗಬೇಕು. ತಪ್ಪು ಬರೆದವರ ಬುದ್ಧಿಯನ್ನು ಹಳಿಯದೆ ಅವರ ತಾಯ್ನುಡಿಯ ವಾಕ್ಯರಚನೆಯನ್ನು ಮುಂದಿಟ್ಟು ತಿದ್ದುವ ಈ ಕ್ರಮವನ್ನು ನಾನು ಆಮೇಲೆ ಬೇರೆಲ್ಲೂ ಕಾಣಲಿಲ್ಲ.

'ನಾಟ್' ಪದದ ಪಾಠ ಚಿಕ್ಕದು. 'ಶಿ ಪ್ರಾಮಿಸ್ಡ್ ನಾಟ್ ಟು ಟೆಲ್' ಎಂದರೆ ಹೇಳುವುದಿಲ್ಲವೆಂದು ಮಾತು ಕೊಟ್ಟಳು. 'ಶಿ ಡಿಡ್ ನಾಟ್ ಪ್ರಾಮಿಸ್ ಟು ಟೆಲ್' ಎಂದರೆ ಹೇಳುತ್ತೇನೆಂದು ಮಾತೇ ಕೊಡಲಿಲ್ಲ. ಮೊದಲನೆಯವಳು ಗುಟ್ಟನ್ನು ಹೊರಗೆಡಹಿದರೆ ಮಾತಿಗೆ ತಪ್ಪಿದಂತೆ, ಎರಡನೆಯವಳು ಹೇಳಿದರೂ ಹೇಳದಿದ್ದರೂ ಮಾತಿಗೆ ತಪ್ಪಿದಂತಲ್ಲ.

ಹೆಚ್ಚು ಕಾಲ ನಡೆದ ಚರ್ಚೆ ಸ್ಪ್ಲಿಟ್ ಇನ್ಫಿನಿಟಿವ್, ಎಂದರೆ ನಡುವೆ ಪದ ಸೇರಿಸಿ ಒಡೆದ ಇನ್ಫಿನಿಟಿವ್ ಕುರಿತದ್ದು. 'ಟು' ಮತ್ತು ಕ್ರಿಯಾಪದದ ನಡುವೆ ಇನ್ನೊಂದು ಪದವನ್ನು ತರಬಾರದೆಂಬ ಕಟ್ಟಳೆಯನ್ನು ನಾವೆಲ್ಲ ಪ್ರೌಢಶಾಲೆಯಿಂದಲೇ ಹೊತ್ತು ತಂದಿದ್ದೆವು. ಅದು ಎಲ್ಲಿಂದ ಬಂತೆಂಬುದನ್ನು ಮೇಷ್ಟ್ರು ಹಿಂದಿನಿಂದ ಹೇಳುತ್ತಾ ಬಂದರು. ಹಳೆಯ ಇಂಗ್ಲಿಷಿನಲ್ಲಿ ಇನ್ಫಿನಿಟಿವ್ ಒಂದೇ ಪದವಾಗಿತ್ತು, ಅದಕ್ಕೆ ತನ್ನದೇ ಪ್ರತ್ಯಯವಿತ್ತು. 'ಟು' ಎಂಬುದು ಕೆಲವು ಕಡೆ ಮಾತ್ರ ಅದರ ಹಿಂದೆ ಬರುತ್ತಿದ್ದ ಪ್ರಿಪೊಸಿಷನ್. ಕಾಲಕ್ರಮದಲ್ಲಿ ಪ್ರತ್ಯಯ ಸವೆದುಹೋಗಿ 'ಟು' ಇನ್ಫಿನಿಟಿವ್‌ನ ಗುರುತಾಗಿ ಉಳಿಯಿತು. ಅವೆರಡರ ನಡುವೆ ಪದ ಸೇರಿಸಿದ ಪ್ರಯೋಗಗಳು 13ನೆಯ ಶತಮಾನದಷ್ಟು ಹಿಂದಿನ ಬರಹಗಳಲ್ಲೇ ಸಿಗುತ್ತವೆ. ಮಧ್ಯೆ ಕೆಲವು ಶತಮಾನ ವಿರಳವಾಗಿದ್ದ ಈ ಪ್ರಯೋಗ 19ನೆಯ ಶತಮಾನದಲ್ಲಿ ಮತ್ತೆ ಹೆಚ್ಚಿದಾಗ ಆಕ್ಷೇಪಗಳೂ ಎದ್ದವು. ಇಂಗ್ಲೆಂಡಿನ ಕ್ಯಾಂಟರ್ಬರಿ ಕ್ಯಾಥೆಡ್ರಲ್‌ನ ಡೀನ್, ಎಂದರೆ ಅಲ್ಲಿನ ಪಾದ್ರಿಗಳ ಮುಖ್ಯಸ್ಥರಾಗಿದ್ದ ಹೆನ್ರಿ ಆಲ್ಫರ್ಡ್ 1864ರ ತಮ್ಮ ಪುಸ್ತಕದಲ್ಲಿ ಇದನ್ನು ವಿರೋಧಿಸಿದರು. ಲ್ಯಾಟಿನ್‌ನಲ್ಲಿ ಇನ್ಫಿನಿಟಿವ್ ಒಂದೇ ಪದವಾದ್ದರಿಂದ ಇಂಗ್ಲಿಷಿನಲ್ಲೂ ಒಡೆಯಬಾರದೆಂದು ವಾದ ಹುಟ್ಟಿತೆಂಬ ಮಾತು ಬಹಳ ಪ್ರಚಾರದಲ್ಲಿದೆ. ಆದರೆ ಆಲ್ಫರ್ಡ್ ಕೊಟ್ಟ ಕಾರಣ ಅದಲ್ಲ, ಇಂಗ್ಲಿಷ್ ಬಲ್ಲವರ ಬಳಕೆಯಲ್ಲಿ ಇಂಥದ್ದು ಇಲ್ಲ ಎಂಬುದು. ಬಳಕೆಯಲ್ಲಿ ಅದು ಇದ್ದೇ ಇತ್ತು. 1926ರಲ್ಲಿ ಹೊರಬಂದ ಎಚ್. ಡಬ್ಲ್ಯು. ಫೌಲರ್ ಅವರ ಇಂಗ್ಲಿಷ್ ಬಳಕೆಯ ನಿಘಂಟು ಹೆಚ್ಚು ವಿವೇಕದ ನಿಲುವು ತಳೆಯಿತು: ಒಡೆಯುವುದು ಅಪೇಕ್ಷಣೀಯವಲ್ಲದಿದ್ದರೂ, ಅರ್ಥ ಸಂದಿಗ್ಧವಾಗುವುದಕ್ಕಿಂತ, ವಾಕ್ಯ ಕೃತಕವಾಗುವುದಕ್ಕಿಂತ ಅದೇ ಲೇಸು ಎಂಬುದು ಅವರ ಅಭಿಪ್ರಾಯ.

ಈ ನಿಲುವು ಸರಿಯೆಂದು ನನಗೆ ಮನವರಿಕೆಯಾದದ್ದು ಒಂದೇ ಉದಾಹರಣೆಯಿಂದ. 'ಹಿ ಫೇಲ್ಡ್ ಕಂಪ್ಲೀಟ್ಲಿ ಟು ಅಂಡರ್‌ಸ್ಟ್ಯಾಂಡ್' ಎಂದರೆ ಅವನಿಗೆ ಏನೇನೂ ಅರ್ಥವಾಗಲಿಲ್ಲ. 'ಹಿ ಫೇಲ್ಡ್ ಟು ಕಂಪ್ಲೀಟ್ಲಿ ಅಂಡರ್‌ಸ್ಟ್ಯಾಂಡ್' ಎಂದರೆ ಸ್ವಲ್ಪ ಅರ್ಥವಾಯಿತು, ಪೂರ್ತಿ ಆಗಲಿಲ್ಲ. ಕಟ್ಟಳೆಗೆ ಅಂಜಿ 'ಟು' ಹಿಂದಕ್ಕೆ ಆ ಪದವನ್ನು ಸರಿಸಿದರೆ ಎರಡನೆಯ ಅರ್ಥವೇ ಕೈತಪ್ಪುತ್ತದೆ. 'ಮೋರ್ ದ್ಯಾನ್' ಬಂದಾಗಲಂತೂ ಬೇರೆ ದಾರಿಯೇ ಇರುವುದಿಲ್ಲ. ಬೆಲೆ ಎರಡು ಪಟ್ಟಿಗೂ ಮೀರಿ ಏರುವ ನಿರೀಕ್ಷೆಯಿದೆ ಎನ್ನಲು 'ದಿ ಪ್ರೈಸ್ ಈಸ್ ಎಕ್ಸ್‌ಪೆಕ್ಟೆಡ್ ಟು ಮೋರ್ ದ್ಯಾನ್ ಡಬಲ್' ಎನ್ನುತ್ತಾರೆ. ಆ ಎರಡು ಪದಗಳನ್ನು 'ಟು'ಗಿಂತ ಮೊದಲು ಇಟ್ಟರೂ 'ಡಬಲ್' ಆದಮೇಲೆ ಇಟ್ಟರೂ ಅದೇ ಅರ್ಥ ಬರುವುದಿಲ್ಲ.

ಇನ್ಫಿನಿಟಿವ್‌ನ ಕೊನೆಯಲ್ಲಿ ಒಂಟಿಯಾಗಿ ನಿಲ್ಲುವ ಪ್ರಿಪೊಸಿಷನ್ ನಮಗೆ ಇನ್ನೊಂದು ಕಠಿಣ ಪಾಠವಾಗಿತ್ತು. ಕೂರಲು ಕುರ್ಚಿ, ಬರೆಯಲು ಪೆನ್ನು, ಬರೆಯಲು ಕಾಗದ ಎಂದು ನಾವು ಯಾವ ವಿಭಕ್ತಿಯನ್ನೂ ಸೇರಿಸದೆ ಹೇಳುತ್ತೇವೆ. ಇಂಗ್ಲಿಷ್ ಅಷ್ಟಕ್ಕೆ ಬಿಡುವುದಿಲ್ಲ. 'ಎ ಚೇರ್ ಟು ಸಿಟ್ ಆನ್', 'ಎ ಪೆನ್ ಟು ರೈಟ್ ವಿತ್', 'ಪೇಪರ್ ಟು ರೈಟ್ ಆನ್' ಎಂದು ವಸ್ತುವಿಗೂ ಕ್ರಿಯೆಗೂ ಇರುವ ಸಂಬಂಧವನ್ನು ಕೊನೆಯ ಆ ಚಿಕ್ಕ ಪದದಿಂದ ಹೇಳಿಸುತ್ತದೆ. 'ವಿತ್' ಇದ್ದರೆ ಬರೆಯುವ ಸಾಧನ, 'ಆನ್' ಇದ್ದರೆ ಬರೆಯುವ ಜಾಗ, 'ಅಬೌಟ್' ಇದ್ದರೆ ಬರೆಯುವ ವಿಷಯ. ಇದನ್ನು ಅರಿತ ಮೇಲೆ 'ಸಮ್‌ಥಿಂಗ್ ಟು ರೈಟ್ ಅಬೌಟ್' ಎಂಬಂಥ ಸಾಧಾರಣ ಮಾತೂ ನನಗೆ ಬಲು ಚೆಲುವಾಗಿ ಕಾಣತೊಡಗಿತು.

ಪದವಿಯ ನಂತರ ಕಾನೂನು ಓದಿ, ಈಗ ಕರಾರುಪತ್ರಗಳ ಕರಡು ಬರೆಯುವುದೇ ನನ್ನ ವೃತ್ತಿಯಾಗಿದೆ. ಬಾಡಿಗೆ ಕರಾರೊಂದರಲ್ಲಿ 'ದಿ ಟೆನೆಂಟ್ ಅಗ್ರೀಡ್ ಇನ್ ರೈಟಿಂಗ್ ಟು ಇನ್ಫಾರ್ಮ್ ದಿ ಓನರ್' ಎಂದಿದ್ದರೆ ಒಪ್ಪಿಗೆ ಬರಹದಲ್ಲಿದೆ, ಮಾಲೀಕನಿಗೆ ವಿಷಯವನ್ನು ಬಾಯಿಮಾತಿನಲ್ಲಿ ತಿಳಿಸಿದರೂ ನಡೆದೀತು. 'ಅಗ್ರೀಡ್ ಟು ಇನ್ಫಾರ್ಮ್ ದಿ ಓನರ್ ಇನ್ ರೈಟಿಂಗ್' ಎಂದಾದರೆ ತಿಳಿಸುವುದೇ ಬರಹದಲ್ಲಾಗಬೇಕೆಂಬ ಅರ್ಥ ಮುಂದೆ ಬರುತ್ತದೆ. ಆದರೂ ವಾದ ಹೂಡುವವರಿಗೆ ಎಡೆ ಪೂರ್ತಿ ಮುಚ್ಚಿದಂತಾಗುವುದಿಲ್ಲ. ಹೀಗಾಗಿ ನಾನು 'ಟು ಗಿವ್ ದಿ ಓನರ್ ರಿಟನ್ ನೋಟಿಸ್' ಎಂದು ಆ ಅಂಶವನ್ನು ನಾಮಪದಕ್ಕೇ ಕಟ್ಟಿಬಿಡುತ್ತೇನೆ. ದಿನಾಂಕಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಮನೆ ತೆರವು ಮಾಡಲು ಮಾರ್ಚ್ 1ರಂದು ಒಪ್ಪಿದ್ದೋ, ಮಾರ್ಚ್ 1ರಂದು ತೆರವು ಮಾಡಲು ಒಪ್ಪಿದ್ದೋ ಎಂಬ ಜಿಜ್ಞಾಸೆಯಲ್ಲಿ ಬಾಡಿಗೆದಾರನ ಸಂಸಾರ ಸಿಕ್ಕಿಕೊಳ್ಳಬಾರದು.

ಈಗ ಓದುತ್ತಿರುವ ವಿದ್ಯಾರ್ಥಿಗಳಿಗೆ ಒಂದು ಮಾತು ಹೇಳಬೇಕು. ಸ್ಪರ್ಧಾತ್ಮಕ ಪರೀಕ್ಷೆಗಳ ಕೆಲವು ಕೈಪಿಡಿಗಳು ಸ್ಪ್ಲಿಟ್ ಇನ್ಫಿನಿಟಿವ್ ಅನ್ನು ಇಂದಿಗೂ ತಪ್ಪೆಂದೇ ಕಲಿಸುತ್ತವೆ. ದೋಷ ಗುರುತಿಸುವ ಪ್ರಶ್ನೆಯಲ್ಲಿ ಅಂಥ ವಾಕ್ಯ ಕಂಡರೆ, ಮೊದಲು ಬೇರೆ ಭಾಗಗಳಲ್ಲಿ ನಿಜವಾದ ದೋಷವಿದೆಯೇ ನೋಡಿ. ಎಲ್ಲೂ ಇಲ್ಲದಿದ್ದರೆ ಮಾತ್ರ ಅದನ್ನು ಗುರುತಿಸಿ. ನೀವೇ ಬರೆಯುವ ಪ್ರಬಂಧದಲ್ಲಿ, ಅರ್ಥ ಕೆಡದೆ ಕ್ರಿಯಾವಿಶೇಷಣ ಕೊನೆಗೆ ಹೋಗುವುದಾದರೆ ಅಲ್ಲಿಗೆ ಕಳಿಸಿ. ಅರ್ಥ ಕೆಡುವುದಾದರೆ 'ಟು' ಮತ್ತು ಕ್ರಿಯಾಪದದ ನಡುವೆಯೇ ಇರಲಿ.